ಹತ್ತೊಂಬತ್ತು ರುಂಡ ಮತ್ತು ಒಂದು ರಾಗಿಕಲ್ಲು

ನಾನು ಸಾಧು ಮನುಷ್ಯನೆಂದು ಹೊಸೂರಿನಲ್ಲಿ ಎಲ್ಲರೂ ಹೇಳುತ್ತಾರೆ. ನಾನೂ ಅದನ್ನು ಅಲ್ಲಗಳೆಯಲು ಹೋಗಿಲ್ಲ. ತಾಲ್ಲೂಕು ಕಚೇರಿಯಲ್ಲಿ ಕೂತು ಹನ್ನೊಂದು ವರ್ಷ ಪರರ ಅರ್ಜಿಗಳ ನಕಲು ಬರೆದವನು ಸಾಧುವಾಗದೆ ಇನ್ನೇನಾದಾನು? ಮನೆಯಲ್ಲಿ ಕೋಳಿ ಕೊಯ್ಯುವ ದಿನ ಏನಾದರೊಂದು ನೆಪ ಹೇಳಿ ಪೇಟೆಯ ಕಡೆ ಹೊರಟುಬಿಡುತ್ತೇನೆ. ಸಾರು ಕುದಿಯುವ ಹೊತ್ತಿಗೆ ತಪ್ಪದೆ ಹಿಂತಿರುಗುತ್ತೇನೆ. ಇಂಥವನಿಗೆ ಓದುವುದಕ್ಕೆ ಬೇಕಾದದ್ದು ಮಾತ್ರ ರುಂಡ ಹಾರುವ, ಕರುಳು ಜಾರುವ, ಹೆಣ ಎದ್ದು ಕೂತು ನೀರು ಕೇಳುವ ಕಾದಂಬರಿಗಳು. ಸಾಮಾಜಿಕ ಕಾದಂಬರಿಗಳನ್ನು ಓದಲು ಪ್ರಯತ್ನಪಟ್ಟಿದ್ದೇನೆ. ಎರಡನೆಯ ಅಧ್ಯಾಯದವರೆಗೂ ಯಾರೂ ಸಾಯದಿದ್ದರೆ ನನಗೆ ಆಕಳಿಕೆ ಬರುತ್ತದೆ.

ಇದಕ್ಕೆ ಕಾರಣವನ್ನೂ ಯೋಚಿಸಿ ಇಟ್ಟುಕೊಂಡಿದ್ದೇನೆ. ನಮ್ಮ ಹೆಡ್ ಗುಮಾಸ್ತರು ಒಂದು ಕಾಗದ ತಪ್ಪಾದರೆ ಸಾಕು, "ಎನ್ನಯ್ಯಾ ಇದು" ಎಂದು ತಮಿಳಿನಲ್ಲಿ ಕೇಳಿ, ಕನ್ನಡಕದ ಮೇಲಿನಿಂದ ಒಂದು ನಿಮಿಷ ನೋಡುತ್ತಾರೆ. ಆ ನೋಟ ಹೊತ್ತು ಮನೆಗೆ ಬಂದವನಿಗೆ, ಸುಣ್ಣದ ಗೂಡಿನಲ್ಲಿ ಏಳು ಜನರನ್ನು ಜೀವಸಹಿತ ಹೂತ ಖಳನೊಬ್ಬ ಪುಸ್ತಕದಲ್ಲಿ ಸಿಕ್ಕಿದರೆ ಎಷ್ಟು ಸಮಾಧಾನವಾಗುತ್ತದೆ ಗೊತ್ತೆ? ನಮ್ಮ ಹೆಡ್ ಗುಮಾಸ್ತರು ಎಷ್ಟೋ ವಾಸಿ ಅನ್ನಿಸುತ್ತದೆ. ಅಂಥ ಪುಸ್ತಕ ಓದಿದ ದಿನ ನನಗೆ ಬರುವಂಥ ನಿದ್ದೆ ಹಾಲು ಕುಡಿದ ಕೂಸಿಗೂ ಬಾರದು.

ಓದಿ ಓದಿ, ಇಷ್ಟನ್ನು ನಾನೇ ಬರೆಯಬಲ್ಲೆ ಎಂಬ ಧೈರ್ಯ ಹುಟ್ಟಿತು. ಬರೆದೆ. 'ಹತ್ತೊಂಬತ್ತು ರುಂಡಗಳು' ಎಂದು ಹೆಸರಿಟ್ಟೆ. ಬೆಂಗಳೂರಿನ ಪ್ರಕಾಶಕರೊಬ್ಬರಿಗೆ ಕಾಗದ ಹಾಕಿದೆ. ಅವರ ಉತ್ತರ ಚಿಕ್ಕದಾಗಿತ್ತು: "ಯುದ್ಧಕಾಲ, ಕಾಗದದ ಅಭಾವ. ಓದಿದವನು ಹಾಡುಹಗಲಲ್ಲೂ ಒಬ್ಬನೇ ಹಿತ್ತಿಲಿಗೆ ಹೋಗಲು ಹೆದರುವಂತಿದ್ದರೆ ಮಾತ್ರ ಕಳಿಸಿರಿ." ಹನ್ನೊಂದು ವರ್ಷ ಬರೆದರೂ ನನ್ನ ಹೆಸರು ಯಾವ ಕಾಗದದ ತಲೆಯಲ್ಲೂ ಬಂದಿರಲಿಲ್ಲ. ಈಗ ಪುಸ್ತಕದ ರಟ್ಟಿನ ಮೇಲೆ ಬರುವ ಸಂದರ್ಭ ಒದಗಿತ್ತು. ಯಾರಾದರೊಬ್ಬರನ್ನು ಹೆದರಿಸಿ ನೋಡಲೇಬೇಕಾಯಿತು.

ಹುಣಸೆಹಣ್ಣಿನ ಕಾಲ ಅದು. ನಮ್ಮ ಕಡೆ ಹುಣಸೆಹಣ್ಣು ಬಿಡಿಸುವುದು ಒಂದು ಮನೆಯ ಕೆಲಸವಲ್ಲ. ಇವತ್ತು ನಮ್ಮ ಮನೆಗೆ ಅವರು, ನಾಳೆ ಅವರ ಮನೆಗೆ ನಾವು. ಹೆಂಗಸರು ಜಗಲಿಯ ಮೇಲೆ ಸುತ್ತ ಕೂತು ಕಾಯಿ ಕುಟ್ಟಿ, ನಾರು ಎಳೆದು, ಬೀಜ ತೆಗೆಯುತ್ತಾರೆ. ಓದು ಬಲ್ಲ ಗಂಡಸು ಮನೆಯಲ್ಲಿದ್ದರೆ ಏನಾದರೊಂದು ಗಟ್ಟಿಯಾಗಿ ಓದಿ ಹೇಳಬೇಕು. ಸೀಮೆಎಣ್ಣೆಯನ್ನು ಅಳೆದು ಕೊಡುತ್ತಿದ್ದ ಆ ದಿನಗಳಲ್ಲಿ ಓದುವುದೆಲ್ಲ ಹೇಗೂ ಹಗಲಲ್ಲೇ. ಆ ಭಾನುವಾರ ಕೂತವರು ಮೂವರು: ನನ್ನ ಹೆಂಡತಿ ಜಯಮ್ಮ, ಪಕ್ಕದ ತೆಲುಗು ಮನೆಯ ಪಾಪಮ್ಮ, ಹುಣಸೆಹಣ್ಣಿಗೆಂದೇ ಹತ್ತಿರದ ತಳಿ ಎಂಬ ಊರಿನಿಂದ ಬಂದು ಇಳಿದಿದ್ದ ನನ್ನ ಸೋದರತ್ತೆ ನಂಜಮ್ಮ. ನಾನು ಗಂಟಲು ಸರಿಮಾಡಿಕೊಂಡು, ಪುರಾಣದ ಬದಲು ನನ್ನ ಹಸ್ತಪ್ರತಿ ತೆರೆದೆ.

ಮೊದಲ ಅಧ್ಯಾಯದಲ್ಲೇ ಜಮೀನುದಾರನ ಕತ್ತು ಹೋಗುತ್ತದೆ. ನೆತ್ತರು ಮೂರು ಮೆಟ್ಟಿಲು ಇಳಿದು, ಅಂಗಳ ದಾಟಿ, ಹೆಬ್ಬಾಗಿಲವರೆಗೆ ಹರಿಯುತ್ತದೆ. ಅಲ್ಲಿ ಸ್ವಲ್ಪ ನಿಲ್ಲಿಸಿ, ಯಾರ ಮುಖ ಎಷ್ಟು ಬಿಳಿಚಿಕೊಂಡಿದೆ ಎಂದು ನೋಡಿದೆ.

ಅತ್ತೆ ಬೀಜ ತೆಗೆಯುತ್ತಲೇ ಕೇಳಿದಳು: "ಅವ್ನೇನು ಆನೇನ್ಲಾ? ಕೊಬ್ಬಿದ ಟಗರು ಕುಯ್ದ್ರೂ ಒಂದು ತಪ್ಪಲೆ ತುಂಬಾಕಿಲ್ಲ. ಹೆಬ್ಬಾಗ್ಲುಗಂಟ ಹೆಂಗೆ ಹರೀತದೆ?"

"ಕಥೆ ಅತ್ತೆ ಅದು."

"ಕಥೆಯಾದ್ರೇನು, ನೆತ್ರು ನೆತ್ರೇ ಅಲ್ವಾ."

ಪಾಪಮ್ಮ ತೆಲುಗಿನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸಿದಳು. ಅವಳ ಚಿಂತೆ ಬೇರೆ. "ಅಷ್ಟುದ್ದ ಅಂಗಳ ಸಾರಿಸೋರು ಯಾರು? ಆಳುಗಳು ಇದ್ರಾ ಆ ಮನೇಲಿ?"

ಎಂಟನೆಯ ಅಧ್ಯಾಯದಲ್ಲಿ ಎದೆ ಸೀಳಿ ಗುಂಡಿಗೆ ಕೀಳುವ ಪ್ರಸಂಗ ಓದುವಾಗ, ಮೂವರೂ ಹಣ್ಣು ಸೀಳಿ ಬೀಜ ಕೀಳುತ್ತಿದ್ದರು. ಖಳನಿಗಿಂತ ಅವರ ಕೈಯೇ ಚುರುಕಾಗಿತ್ತು. ಹದಿಮೂರನೆಯ ರುಂಡಕ್ಕೆ ಜಯಮ್ಮ, "ಇದು ಹದಿಮೂರನೇದೋ ಹದಿನಾಲ್ಕನೇದೋ?" ಎಂದು ಕೇಳಿದಳು. ಹದಿನೇಳನೆಯದಕ್ಕೆ ಪಾಪಮ್ಮ ತೂಕಡಿಸಿದಳು. ಆಗ ನನಗೊಂದು ಸತ್ಯ ಹೊಳೆಯಿತು. ಮೊದಲನೆಯ ರುಂಡ ಹೆದರಿಸುತ್ತದೆ, ಎರಡನೆಯದು ಖುಷಿ ಕೊಡುತ್ತದೆ, ಮೂರನೆಯದರಿಂದ ಮುಂದೆ ಓದುಗ ಎಣಿಸುತ್ತಾನೆ, ಅಷ್ಟೇ. ಸತ್ಯ ಹೊಳೆದದ್ದೇನೋ ಸರಿ. ನನ್ನ ಹತ್ತಿರ ಹತ್ತೊಂಬತ್ತು ಇದ್ದವಲ್ಲ. ನಿಜ ಹೇಳುತ್ತೇನೆ, ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ನನ್ನ ಮೋರೆ ನೋಡಿ ಅತ್ತೆಗೆ ಮರುಕ ಬಂದಿರಬೇಕು. "ಚೆನ್ನಾಗೇ ಬರ್ದಿದ್ದೀಯ ಕಣ್ಲಾ, ಆದ್ರೆ ಭಯ ಆಗಾಕಿಲ್ಲ," ಎಂದಳು. "ನಂಗೆ ಭಯ ಆಗಿದ್ದು ಒಂದೇ ಸಲ. ಪ್ಲೇಗಿನ ವರ್ಷ."

ಪ್ಲೇಗು ಬಂದಾಗ ಊರಿಗೆ ಊರೇ ಮನೆ ಬೀಗ ಹಾಕಿಕೊಂಡು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದದ್ದು ನನಗೂ ಕೇಳಿ ಗೊತ್ತು. ಅತ್ತೆ ಹೇಳಿದಳು: "ನಮ್ಮತ್ತೆ, ಅದೇ ನಿಮ್ಮಾವನ ಅವ್ವ, ಗುಡಿಸ್ಲಲ್ಲೇ ತೀರ್ಕೊಂಡ್ರು. ಮೂರು ತಿಂಗಳಾದ್ಮೇಲೆ ಮನೆಗೆ ಬಂದ್ವಿ. ಬೀಗ ಹಾಕ್ದಂಗೇ ಇತ್ತು, ತುಕ್ಕು ಹಿಡ್ದು ತೆಗ್ಯಾಕಾಗ್ದೆ ನಿಮ್ಮಾವ ಕಲ್ಲಲ್ಲಿ ಒಡ್ದ. ನಾನು ಮುಂದಾಗಿ ಒಳೀಕೋದೆ. ರಾಗಿಕಲ್ಲಿನ ಸುತ್ತ ಹಿಟ್ಟು ಬಿದ್ದಿತ್ತು. ಮನೇಲಿ ಒಂದು ಕಾಳು ರಾಗಿ ಬುಟ್ಟು ಹೋಗಿರ್ಲಿಲ್ಲ ನಾವು. ಇಲಿ ಕೆಲ್ಸವೇನೋ ಅಂತ ಕೈ ಇಟ್ಟು ನೋಡಿದ್ರೆ, ಹಿಟ್ಟು ಬೆಚ್ಚಗಿತ್ತು."

ಜಗಲಿಯ ಮೇಲೆ ಕುಟ್ಟುವ ಸದ್ದು ನಿಂತಿತು. ಪಾಪಮ್ಮನ ತೂಕಡಿಕೆಯೂ ಹೋಗಿತ್ತು.

"ಆಮೇಲೆ?" ಎಂದೆ.

"ಆಮೇಲೇನು, ನಮ್ಮತ್ತೆ ಬದ್ಕಿರೋಗಂಟ ಮನೆಗೆ ಬಂದೋರ್ನ ಹಸ್ಕಂಡು ಕಳ್ಸಿದೋರಲ್ಲ. ಮಕ್ಳು ಬೇರೆ ಅಳ್ತಿದ್ವು. ಬಳ್ಕಂಡು, ಮುದ್ದೆ ಮಾಡಿ ಉಂಡ್ವಿ."

"ಆ ಕಲ್ಲು?"

"ನಿನ್ ಮದ್ವೆಗೆ ಕೊಟ್ನಲ್ಲ, ಅದೇಯ," ಎಂದು ಅತ್ತೆ ನಮ್ಮ ಅಡುಗೆಮನೆಯ ಕಡೆ ಗದ್ದ ತೋರಿಸಿ ಮುಂದಿನ ಹಣ್ಣಿಗೆ ಕೈ ಹಾಕಿದಳು.

ಹೇಳುವ ರೀತಿ ನೋಡಿ. ಒಂದು ಹನಿ ನೆತ್ತರಿಲ್ಲ, ಒಂದು ಚೀತ್ಕಾರವಿಲ್ಲ, ಸೇರು ಹಿಟ್ಟಿನಲ್ಲಿ ಮುಗಿಸಿಬಿಟ್ಟಳು. ನನ್ನ ಹತ್ತೊಂಬತ್ತು ಜನ ದೂರದ ಯಾವುದೋ ಕೋಟೆಯಲ್ಲಿ ಸತ್ತವರು. ಅವರಿಗೂ ನಮ್ಮ ಮನೆಗೂ ಸಂಬಂಧವಿಲ್ಲ, ಪುಸ್ತಕ ಮುಚ್ಚಿದರೆ ಅವರು ಅಲ್ಲೇ ಇರುತ್ತಾರೆ. ಅತ್ತೆಯ ಕಥೆಗೆ ಮುಚ್ಚಲು ರಟ್ಟೇ ಇಲ್ಲ. ನಮ್ಮ ಹಿತ್ತಿಲಿಗೆ ದಾರಿ ಆ ಕಲ್ಲಿನ ಪಕ್ಕದಲ್ಲೇ. ಅವತ್ತಿನಿಂದ ಹಿತ್ತಿಲಿಗೆ ಹೋಗಬೇಕಾದಾಗ, "ಇವಳೇ, ಸ್ವಲ್ಪ ಬಾ, ಕರಿಬೇವಿನ ಗಿಡಕ್ಕೆ ಹುಳ ಬಿದ್ದಿದೆಯಾ ನೋಡು" ಎಂದು ಜಯಮ್ಮನನ್ನು ಕರೆಯುತ್ತಿದ್ದೆ. ನಾಲ್ಕು ದಿನದಲ್ಲಿ ಆ ಗಿಡವನ್ನು ನೋಡಿದಷ್ಟು ಸಲ ಮದುವೆಯ ಹೆಣ್ಣನ್ನೂ ಯಾರೂ ನೋಡಿರಲಾರರು.

ಐದನೆಯ ದಿನ ಬೆಳಿಗ್ಗೆ ಕಚೇರಿಗೆ ಹೋಗುವಾಗ ಅತ್ತೆಯನ್ನು ತಳಿಯ ಬಸ್ಸಿನಲ್ಲಿ, ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುತ್ತಿದ್ದುದರಲ್ಲಿ, ಕೂರಿಸಿ ಹೋದೆ. ಹತ್ತೊಂಬತ್ತು ರುಂಡಗಳನ್ನು ಬದಿಗಿಟ್ಟು ಅತ್ತೆಯ ಕಥೆಯನ್ನೇ ಬರೆದರೆ ಪ್ರಕಾಶಕರು ಬೆಚ್ಚಿ ಬೀಳುತ್ತಾರೆ ಎಂದು ನಿರ್ಧಾರ ಮಾಡಿದ್ದೆ. ಮಧ್ಯಾಹ್ನ ಊಟಕ್ಕೆ ಬಂದಾಗ ಕಲ್ಲನ್ನು ಧೈರ್ಯವಾಗಿ ಹತ್ತಿರದಿಂದ ನೋಡಿ, ವರ್ಣನೆಗೆ ನಾಲ್ಕು ಮಾತು ಬರೆದುಕೊಳ್ಳಬೇಕೆಂದು ಬಂದೆ. ಬಾಗಿಲು ಮುಂದಕ್ಕೆ ಎಳೆದಿತ್ತು. ಒಳಗೆ ರಾಗಿ ಬೀಸುವ ಸದ್ದು. ಜಯಮ್ಮನೇ ಎಂದುಕೊಂಡು, "ಇವಳೇ" ಎಂದೆ. ಸದ್ದು ನಿಂತಿತು. ಮತ್ತೆ ಶುರುವಾಯಿತು.

"ಯಾಕಿಂಗೆ ಹೊರಗೇ ನಿಂತ್ಕಂಡಿದ್ದೀರಾ?" ಎಂಬ ದನಿ ನನ್ನ ಬೆನ್ನ ಹಿಂದಿನಿಂದ ಬಂತು. ತಿರುಗಿದರೆ, ಸೊಂಟದಲ್ಲಿ ನೀರಿನ ಬಿಂದಿಗೆಯೊಂದಿಗೆ ಜಯಮ್ಮ.

ಆಗ ನಾನೇನು ಮಾಡಿದೆ ಎಂಬುದರ ಬಗ್ಗೆ ನಮ್ಮಿಬ್ಬರಲ್ಲಿ ಒಮ್ಮತವಿಲ್ಲ. ಬಿಂದಿಗೆ ಇಳಿಸಲು ಕೈ ಕೊಟ್ಟೆ ಎಂದು ನಾನು ಹೇಳುತ್ತೇನೆ. ಬಿಂದಿಗೆಯನ್ನು ತಬ್ಬಿಕೊಂಡರು ಎಂದು ಅವಳು ಹೇಳುತ್ತಾಳೆ. ಅಂತೂ ನೀರು ಚೆಲ್ಲಿತು. ಜಯಮ್ಮ ಬಾಗಿಲು ತಳ್ಳಿದಳು. ಕಲ್ಲಿನ ಮುಂದೆ ಕಾಲು ನೀಡಿ ಕೂತಿದ್ದವಳು ತಳಿಯ ಅತ್ತೆ.

"ಆ ಹಾಳು ಬಸ್ಸು ಗಾಂಧಿ ರಸ್ತೆ ತಿರುವಲ್ಲೇ ನಿಂತೋಯ್ತು ಕಣ್ಲಾ. ಸುಮ್ಕೆ ಕೂರೋದ್ಯಾಕೆ ಅಂತ ಎರಡು ಸೇರು ಹಾಕ್ಕಂಡೆ," ಎಂದು ಹೇಳಿ, ಒಂದು ಹಿಡಿ ಹಿಟ್ಟು ನನ್ನ ಕಡೆ ಚಾಚಿದಳು. "ನುಣ್ಣಗಿದ್ಯಾ ನೋಡು. ಬೆಚ್ಚಗೈತೆ."

ನಾನು ಮುಟ್ಟಲಿಲ್ಲ. ಆಮೇಲೆ ಅದರ ಮುದ್ದೆಯನ್ನು ಮಾತ್ರ ಎರಡು ಉಂಡೆ.

ಅತ್ತೆಯ ಕಥೆ ಇವತ್ತಿಗೂ ಮೂರು ಸಾಲಿನಿಂದ ಮುಂದೆ ಹೋಗಿಲ್ಲ. ಅದನ್ನು ಬರೆಯಲು ಪಕ್ಕದಲ್ಲಿ ಯಾರಾದರೂ ಕೂತಿರಬೇಕು, ಯಾರಾದರೂ ಕೂತಿದ್ದರೆ ನನಗೆ ಬರೆಯಲು ಬಾರದು. ಮರುದಿನವೇ ಹತ್ತೊಂಬತ್ತು ರುಂಡಗಳನ್ನೂ ಕಟ್ಟಿ ಬೆಂಗಳೂರಿಗೆ ಅಂಚೆಗೆ ಹಾಕಿದೆ. ಪ್ರಕಾಶಕರ ಷರತ್ತಿಗೆ ಉತ್ತರವಾಗಿ, ಹನ್ನೊಂದು ವರ್ಷದ ಕಚೇರಿ ಅಭ್ಯಾಸದಂತೆ ಒಂದು ದೃಢೀಕರಣವನ್ನೂ ಬರೆದು ಸೇರಿಸಿದೆ: "ಈ ಕಾದಂಬರಿಯನ್ನು ಪೂರ್ತಿಯಾಗಿ ಓದಿರುವ ಹೊಸೂರಿನ ವಯಸ್ಕ ಸರ್ಕಾರಿ ನೌಕರರೊಬ್ಬರು, ಓದಿದ ಸದರಿ ದಿನದಿಂದ ಹಾಡುಹಗಲಲ್ಲೂ ಒಬ್ಬರೇ ಹಿತ್ತಿಲಿಗೆ ಹೋಗುತ್ತಿಲ್ಲವೆಂದು ಈ ಮೂಲಕ ಖಾತ್ರಿಪಡಿಸಲಾಗಿದೆ." ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಬೇಕಾದರೆ ಜಯಮ್ಮನ ಸಾಕ್ಷಿ ಹಾಕಿಸುತ್ತೇನೆ. ಈಗ ತಾನೆ ಇಬ್ಬರೂ ಕರಿಬೇವಿನ ಗಿಡ ನೋಡಿ ಬಂದೆವು.