ನೀರು ಸೊಟ್ಟಗಿದೆ!

ಅತ್ತೆ ತನ್ನ ಕಿರಿಯ ಅಳಿಯನನ್ನು ಮೊದಲ ಸಲ ಕಂಡ ದಿನ ಅವನು ಕುರ್ಚಿಯ ಮೇಲೆ ಕೂತಿರಲಿಲ್ಲ, ನಿಂತಿದ್ದ! ಮಗಳು ಅವನನ್ನು ಮನೆಗೆ ಕರೆತಂದು ಕೂರಿಸಿ, ಕುಡಿಯಲು ನೀರು ತರಲು ಒಳಗೆ ಹೋಗಿದ್ದಳಷ್ಟೆ. ಅಷ್ಟರಲ್ಲಿ ಅವನ ಕಣ್ಣು ಗೋಡೆಯ ಮೇಲಿದ್ದ, ಎಂದೋ ತೀರಿಕೊಂಡ ಮಾವನ ಫೋಟೋದ ಮೇಲೆ ಬಿದ್ದಿತ್ತು.

"ಸ್ವಲ್ಪ ಎಡಕ್ಕೆ ವಾಲಿದೆ. ಒಂದೇ ನಿಮಿಷ, ನೇರ ಮಾಡ್ತೀನಿ."

ಕುರ್ಚಿ ಹತ್ತಿ ಮುಟ್ಟಿದ. ಮೊಳೆ ಕಿತ್ತು ಬಂತು. ಮಾವ ಸೀದಾ ಅಳಿಯನ ತೋಳಿಗೆ ಬಿದ್ದರು! "ಇವರೇ ಒಪ್ಪಿದ ಮೇಲೆ ನಂದೇನು ತಕರಾರು" ಎಂದು ಅತ್ತೆಯೂ ಒಪ್ಪಿಬಿಟ್ಟಳು.

ಅವನದು ಫೋಟೋಗಳಿಗೆ ಕಟ್ಟು ಹಾಕಿಕೊಡುವ ಅಂಗಡಿ. ಬೀದಿಯವರು ಇಟ್ಟ ಹೆಸರು ನೇರಪ್ಪ. ಹಲ್ಲು ಕೀಳಿಸಿಕೊಳ್ಳಲು ಹೋಗಿ, ಡಾಕ್ಟರ ಗೋಡೆಯ ಮೇಲಿನ ಸರ್ಟಿಫಿಕೇಟು ನೇರ ಮಾಡಿ, ಹಲ್ಲನ್ನು ಬಾಯಲ್ಲೇ ಮರೆತು ಮನೆಗೆ ಬಂದ ಮಹಾನುಭಾವ!

ಮಂಡಿ ನೋವು ಹೆಚ್ಚಾದ ಮೇಲೆ ಅತ್ತೆ ಈ ಕಿರಿಯ ಅಳಿಯನ ಮನೆಗೇ ಬಂದು ನೆಲೆಸಿದಳು. ಇಲ್ಲಿನ ಕಿಟಕಿಯಲ್ಲಿ ಕೂತರೆ ಬೀದಿಯೆಲ್ಲ ಕಾಣುತ್ತಿತ್ತು. ಮಗಳ ಜೊತೆ ಜಗಳವಾಡಬಹುದಿತ್ತು, ಒಂದು ಗಳಿಗೆಯಲ್ಲಿ ರಾಜಿಯೂ ಆಗಬಹುದಿತ್ತು. ಹಿರಿಯ ಅಳಿಯನ ಮನೆ ದೊಡ್ಡದು, ನಿಜ. ಆದರೆ ಅಲ್ಲಿ ನೆಲ ಎಷ್ಟು ಹೊಳೆಯುತ್ತಿತ್ತೆಂದರೆ ಕಾಲಿಡಲು ಭಯ, ಸೋಫಾ ಎಷ್ಟು ಬೆಳ್ಳಗಿತ್ತೆಂದರೆ ಕೂರಲು ಭಯ!

ಕೊರತೆಯೆಂದರೆ ಒಂದೇ. ಅತ್ತೆಯ ಮಂಚದ ತಲೆಯ ಹಿಂದಿನ ಗೋಡೆಯಾಚೆ ಕಮೋಡು. ಅದರ ಟ್ಯಾಂಕು ಹಗಲೂ ರಾತ್ರಿ "ಸ್ಸ್ಸ್" ಎನ್ನುತ್ತಿತ್ತು. ಆ ಸದ್ದು ಫೋನಿನಲ್ಲಿ ಹಿರಿಯ ಅಳಿಯನ ಕಿವಿಗೂ ಬಿತ್ತು.

"ಅದೇನತ್ತೆ, ಹಾವಿನ ಹುತ್ತದ ಪಕ್ಕ ಮಲಗಿದ್ದೀರಾ? ಭಾನುವಾರ ಸಂಜೆ ಕಾರು ತರ್ತೀನಿ. ಬಟ್ಟೆ ಕಟ್ಕೊಂಡು ರೆಡಿಯಾಗಿರಿ. ಇನ್ನು ನಮ್ಮನೇಲೇ ಇದ್ದುಬಿಡಿ!"

ನೇರಪ್ಪನಿಗೆ ಮೈಯೆಲ್ಲ ಉರಿಯಿತು. "ಒಂದು ಟ್ಯಾಂಕಿನ ಮುಂದೆ ಸೋತು ನಾನು ಅತ್ತೇನ ಕಳಿಸಿಕೊಡೋದಾ? ಭಾನುವಾರ ಆ ಕಾರು ಹೇಗೆ ಬಂತೋ ಹಾಗೇ ಖಾಲಿ ಹೋಗಬೇಕು, ನೋಡ್ತಾ ಇರಿ!"

"ಪ್ಲಂಬರಿಗೆ ಹೇಳೋಣ ರೀ" ಎಂದಳು ಹೆಂಡತಿ.

"ಊರಿನ ಗೋಡೆಗಳನ್ನೆಲ್ಲ ತಿದ್ದಿದವನು ನಾನು. ಪ್ಲಂಬರು ನನಗೇನು ಹೇಳಿಕೊಡ್ತಾನೆ?"

ಭಾನುವಾರ ಬೆಳಿಗ್ಗೆ ಟ್ಯಾಂಕಿನ ಮುಚ್ಚಳ ತೆಗೆದ. ಒಳಗೆ ನೀರು ತುಂಬಿಸುವ ವಾಲ್ವು ಕಂಬದ ಹಾಗೆ ನಿಂತಿತ್ತು. ಅದು ಎತ್ತರವಾದಷ್ಟೂ ನೀರಿನ ಮಟ್ಟ ಮೇಲೇರುತ್ತದೆ, ಹೆಚ್ಚಾದದ್ದು ನಡುವಿನ ಕೊಳವೆಯೊಳಗೆ ಇಳಿದು ಹೋಗುತ್ತದೆ. ಸದ್ದು ಅದರದೇ. ಅವನು ನಲ್ಲಿ ನಿಲ್ಲಿಸಿ, ವಾಲ್ವನ್ನು ತಿರುಚಿ ಸ್ವಲ್ಪ ತಗ್ಗಿಸಿ, ಮತ್ತೆ ನೀರು ಬಿಟ್ಟ. ಟ್ಯಾಂಕು ತುಂಬಿತು. ಸದ್ದು ನಿಂತಿತು!

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಬಾಯಿ ಸುಮ್ಮನಿರಬೇಕಲ್ಲ! ಅತ್ತೆ ಗೋಡೆ ಹಿಡಿದು ಬಂದು ಬಗ್ಗಿ ನೋಡಿದಳು. ಟ್ಯಾಂಕಿನ ಒಳಗೋಡೆಯಲ್ಲಿ ನೀರಿನ ಮಟ್ಟಕ್ಕೆಂದು ಒಂದು ನೀಲಿ ಗೆರೆ ಇತ್ತು.

"ಭೇಷ್ ಅಳಿಯಂದ್ರೇ! ಬಲಗಡೆ ನೀರು ಗೆರೆಗೆ ಸರಿಯಾಗಿ ಬಂದಿದೆ. ಎಡಗಡೆ ಒಂದು ಬೆರಳು ಕೆಳಗಿದೆ, ಅಷ್ಟೇ."

ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು, ಪಾಪ. ನೇರಪ್ಪನ ಮುಖದ ಬಣ್ಣವೇ ಬದಲಾಯಿತು. ಬಗ್ಗಿದ, ಒಂದು ಕಣ್ಣು ಮುಚ್ಚಿ ನೋಡಿದ, ಇನ್ನೊಂದು ಮುಚ್ಚಿ ನೋಡಿದ.

"ನೀರು ಸೊಟ್ಟಗಿದೆ!"

"ನೀರು ಎಲ್ಲಾದರೂ ಸೊಟ್ಟಗಿರುತ್ತೇನ್ರೀ?" ಎಂದಳು ಹೆಂಡತಿ.

"ಕಣ್ಣಿಗೆ ಕಾಣ್ತಾ ಇದೆಯಲ್ಲೇ!"

"ಸದ್ದು ನಿಂತಿತಲ್ಲ, ಸಾಕು ಬಿಡಿ" ಎಂದಳು ಅತ್ತೆ.

"ಸಾಕು ಅನ್ನೋ ಮಾತು ನಮ್ಮ ಕಸುಬಿನಲ್ಲೇ ಇಲ್ಲ, ಅತ್ತೆ!"

ಎಡಗಡೆ ಗೆರೆ ಮುಟ್ಟಲೆಂದು ವಾಲ್ವು ಏರಿಸಿದ. ಬಲಗಡೆ ಗೆರೆ ಮುಳುಗಿತು, ನಡುವಿನ ಕೊಳವೆ ಗಟಗಟ ಕುಡಿಯಿತು, ಹಾವು ಮತ್ತೆ ಬುಸುಗುಟ್ಟಿತು. ಇಳಿಸಿದ. ಎಡಗಡೆ ಮತ್ತೆ ಒಂದು ಬೆರಳು ಕೆಳಗೆ. ಏರಿಸಿದ, ಇಳಿಸಿದ. ಊಟದ ಹೊತ್ತು ಮೀರಿತು. ಕೊನೆಗೆ ಅಂಗಡಿಗೆ ಓಡಿ, ಮಟ್ಟ ನೋಡುವ ರಸಮಟ್ಟ ತಂದು ಟ್ಯಾಂಕಿನ ಮೇಲಿಟ್ಟ. ಅದರೊಳಗಿನ ಗುಳ್ಳೆ ಎತ್ತರವಿದ್ದ ಎಡಗಡೆಗೆ ಓಡಿ ಮೂಲೆ ಸೇರಿತು.

"ಸಿಕ್ಕಿದ ಕಳ್ಳ! ನೀರಿನದಲ್ಲ ತಪ್ಪು, ಟ್ಯಾಂಕಿನದು. ಬಲಕ್ಕೆ ವಾಲಿದೆ!"

"ವಾಲಿಕೊಂಡೇ ಇರಲಿ ಬಿಡ್ರೀ. ನಾವೇನು ಅದನ್ನ ನಡುಮನೆ ಗೋಡೆಗೆ ನೇತುಹಾಕ್ತೀವಾ?"

ಆದರೆ ಕೇಳುವವರು ಯಾರು? ಕಟ್ಟಿನ ಮರದ ಒಂದು ತುಂಡನ್ನು ಟ್ಯಾಂಕಿನ ಬಲಬುಡಕ್ಕೆ ತೂರಿಸಿ, ಸುತ್ತಿಗೆಯಿಂದ ಮೆಲ್ಲಗೆ ಬಡಿದ. ಗುಳ್ಳೆ ಅಲುಗಿತು. ಮತ್ತೊಂದು ಪೆಟ್ಟು. ಗುಳ್ಳೆ ನಡುವಿಗೆ ಬಂದು ನಿಂತಿತು. ನೀರು ಎರಡೂ ಕಡೆ ಗೆರೆಗೆ ಸಮ!

"ನೋಡಿ ಅತ್ತೆ, ನೋಡಿ! ಇದು ಕೆಲಸ ಅಂದ್ರೆ!"

ಅತ್ತೆ ನೋಡಿದಳು. ನೀರು ಗೆರೆಯನ್ನು ಬಿಟ್ಟು ಕೆಳಗಿಳಿಯುತ್ತಿತ್ತು. ಎಷ್ಟು ಚೆಂದ ಇಳಿಯಿತೆಂದರೆ ಎರಡೂ ಕಡೆ ಸಮಸಮ, ಕೂದಲೆಳೆಯಷ್ಟೂ ಸೊಟ್ಟವಿಲ್ಲ! ಆಮೇಲೆ ಬುಡದಲ್ಲಿ "ಟಕ್" ಎಂದಿತು. ಪೆಟ್ಟಿಗೆ ಬಿದ್ದಿದ್ದ ಬಿರುಕು ಬಾಯಿ ಬಿಟ್ಟಿತು. ಹಿಂಗಾರಿಲ್ಲ ಮುಂಗಾರಿಲ್ಲ, ಮನೆಯೊಳಗೇ ಹೊಳೆ!

"ನಲ್ಲಿ ನಿಲ್ಲಿಸ್ರೀ!" ಎಂದು ಹೆಂಡತಿ ಕೂಗಿದಳು.

ಅವನು ಎರಡು ಕೈಗಳಿಂದಲೂ ಬಿರುಕನ್ನು ಅದುಮಿ ಹಿಡಿದಿದ್ದ. "ಕೈ ಬಿಟ್ಟರೆ ನೀರು ಬರುತ್ತೆ ಕಣೇ!"

"ಬಿಡದೇ ಇದ್ದರೂ ಬರ್ತಾ ಇದೆಯಲ್ರೀ!" ಎಂದು ಅವಳೇ ಬಗ್ಗಿ ನಲ್ಲಿ ತಿರುಗಿಸಿದಳು.

ಅಷ್ಟರಲ್ಲಿ ಹೊರಗೆ ಕಾರಿನ ಹಾರನ್ನು. ಹಿರಿಯ ಅಳಿಯನನ್ನು ಬಾಗಿಲಲ್ಲಿ ಮೊದಲು ಎದುರುಗೊಂಡದ್ದು ನೀರೇ. ಅವನು ಒದ್ದೆ ಬೂಟು ನೋಡಿಕೊಂಡು, "ಅತ್ತೆ, ನಿಮಗೆ ಈಜು ಬರುತ್ತಾ?" ಎಂದ.

ಬೇರೆ ದಾರಿ ಇರಲಿಲ್ಲ. ಮಡಚದ ಮಂಡಿಗೆ ಕಮೋಡು ಬೇಕೇ ಬೇಕು. ಅತ್ತೆ ಚೀಲ ಹಿಡಿದು ಕಾರು ಹತ್ತಿದಳು. ನೇರಪ್ಪ ಕಿಟಕಿಯ ಹತ್ತಿರ ಬಂದು ನಿಂತ. ಮೈಯೆಲ್ಲ ತೊಯ್ದು ತೊಪ್ಪೆ, ಅಂಗಿಯ ಗುಂಡಿ ಒಂದು ತೂತು ತಪ್ಪಿ ಸೊಟ್ಟ. ಅದು ಅವನಿಗೆ ಗೊತ್ತೇ ಇರಲಿಲ್ಲ.

"ಅತ್ತೆ, ಅಲ್ಲೇ ಇದ್ದುಬಿಡಲ್ಲ ತಾನೆ?"

"ಅಯ್ಯೋ ಅಳಿಯಂದ್ರೇ, ಆ ಬಿಳಿ ಸೋಫಾದಲ್ಲಿ ಎಷ್ಟು ದಿನ ಉಸಿರು ಬಿಗಿಹಿಡಿದು ಕೂರಲಿ? ಹೊಸ ಟ್ಯಾಂಕು ಕೂತ ದಿನವೇ ಬಂದುಬಿಡ್ತೀನಿ. ಆದರೆ ಒಂದು ಮಾತು. ಅದನ್ನ ಕೂರಿಸೋನು ಪ್ಲಂಬರು. ನೀವು ಮುಟ್ಟಕೂಡದು. ಆಣೆ ಮಾಡಿ."

ಅಳಿಯ ತಲೆ ಬಗ್ಗಿಸಿ ಆಣೆ ಮಾಡಿದ. ಕಾರು ಹೊರಟಿತು. ನಾಲ್ಕು ಹೆಜ್ಜೆ ಪಕ್ಕದಲ್ಲೇ ಓಡಿ ಬಂದ. ಮತ್ತೆ ಕಿಟಕಿಯೊಳಗೆ ಮುಖ ತೂರಿಸಿ, ಶಾಲೆಯ ಹುಡುಗ ಮೇಷ್ಟ್ರನ್ನು ಕೇಳುವ ದನಿಯಲ್ಲಿ ಕೇಳಿದ:

"ಅತ್ತೆ, ಪ್ಲಂಬರಿಗೆ ಟಾರ್ಚಾದರೂ ಹಿಡೀಬಹುದಾ?"