ಮೂಗಿನ ಕಾವಲು

ದೇವರು ಕೊಟ್ಟದ್ದರಲ್ಲಿ ಹೆಚ್ಚುಕಮ್ಮಿ ಎಣಿಸಬಾರದು. ಆದರೂ ಒಪ್ಪಿಕೊಂಡುಬಿಡುತ್ತೇನೆ, ನನಗೆ ನನ್ನ ಮೂಗಿನ ಮೇಲೆ ಕೊಂಚ ಅಹಂಕಾರವಿತ್ತು. ಕಣ್ಣಿಗೆ ಕನ್ನಡಕ ಬಂದಿದೆ, ಮಂಡಿ ಮೆಟ್ಟಿಲು ಕಂಡರೆ ಗೊಣಗುತ್ತದೆ. ಮೂಗು ಮಾತ್ರ ಹಾಲು ಉಕ್ಕುವ ಮೊದಲೇ ನನ್ನನ್ನು ಒಲೆಯ ಹತ್ತಿರ ಓಡಿಸುತ್ತಿತ್ತು. ಮಲೇಷ್ಯಾದ ಪುಚೊಂಗಿನ ನಮ್ಮ ಕಾಂಡೊ ಅಪಾರ್ಟ್‌ಮೆಂಟಿನಲ್ಲಿ ಕೆಳಗಿನ ಮನೆಯವರು ಒಣಸಿಗಡಿ ಹುರಿಯಲು ಬಾಣಲೆ ಇಟ್ಟರೆ ಸಾಕು, ಮೇಲೆ ನಾನು ದೇವರ ಕೋಣೆಯ ಬಾಗಿಲು ಮುಚ್ಚುತ್ತಿದ್ದೆ. ಆ ಅಹಂಕಾರವನ್ನು ಭಗವಂತ ಇಳಿಸಿದ್ದು ನಮ್ಮ ಯಜಮಾನರ ಬುದ್ಧಿಹಲ್ಲಿನ ನೆಪದಲ್ಲಿ.

ಲಾಕ್‌ಡೌನ್ ಕಾಲ. ಹಲ್ಲು ಕಿತ್ತ ಡಾಕ್ಟರಮ್ಮ ನನ್ನನ್ನೂ ಒಳಗೆ ಕರೆದು ಹೇಳಿದರು: "ಹಲ್ಲಿದ್ದ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟುತ್ತೆ, ಅದೇ ಗಾಯದ ಮುಚ್ಚಳ. ಒಂದು ವಾರ ಏನನ್ನೂ ಎಳೆದು ಹೀರಬಾರದು. ಸ್ಟ್ರಾ ಬೇಡ, ಸಿಗರೇಟು ಬೇಡ, ವೇಪ್ ಅಂತೂ ಬೇಡವೇ ಬೇಡ." ನಮ್ಮವರು ಸಿಗರೇಟು ಬಿಡುತ್ತೇನೆಂದು ಹಿಡಿದದ್ದು ವೇಪ್ ಎಂಬ ಬ್ಯಾಟರಿ ಸಿಗರೇಟು, ಅದೂ ಮಾವಿನಹಣ್ಣಿನ ಪರಿಮಳದ್ದು. ಈಗ ಅದನ್ನು ಬಿಡಿಸಲು ಇನ್ನೇನು ಹಿಡಿಸಬೇಕೋ! ಬಾಯಲ್ಲಿ ಹತ್ತಿ ಕಚ್ಚಿಕೊಂಡು ಎಲ್ಲದಕ್ಕೂ ತಲೆಯಾಡಿಸಿದರು. ಹತ್ತಿ ಕಚ್ಚಿಕೊಂಡವರ ಒಪ್ಪಿಗೆಯನ್ನು ನಂಬಬಾರದು ಅಂತ ನನಗೆ ಆಗ ತಿಳಿದಿರಲಿಲ್ಲ. ಅವತ್ತೇ ಸಂಜೆ ಬಾಲ್ಕನಿಯಲ್ಲಿ, ಒಣಹಾಕಿದ ನನ್ನ ಸೀರೆಯ ಹಿಂದೆ ಸಿಕ್ಕಿಬಿದ್ದರು. "ಎಳೀಲಿಲ್ಲ ಕಣೇ, ಸುಮ್ನೆ ಹಿಡ್ಕೊಂಡಿದ್ದೆ" ಅಂದರು. ಮಾತಿನ ಜೊತೆಗೇ ಬಾಯಿಂದ ಮಾವಿನಹಣ್ಣು ಘಮ್ಮೆಂದಿತು. "ರೀ, ರಸ್ತೆ ಕಾಯೋಕೆ ಪೊಲೀಸರಿದ್ದಾರೆ. ನಿಮ್ಮ ಬಾಯಿ ಕಾಯೋಕೆ ನಾನಿದ್ದೀನಿ" ಅಂದು, ದೇವರ ಮುಂದೆ ನಿಲ್ಲಿಸಿ ಪ್ರಮಾಣ ಮಾಡಿಸಿದೆ. ಆ ವೇಪನ್ನು ಆಗಲೇ ಕಿತ್ತುಕೊಳ್ಳಬಹುದಿತ್ತು. ನನ್ನ ಮೂಗಿರುವಾಗ ಬೇರೆ ಬೀಗ ಯಾಕೆ ಅಂತ ಬಿಟ್ಟೆ.

ಮರುದಿನ ಮಾವಿನ ವಾಸನೆ ಇಲ್ಲ. ಅದರ ಮರುದಿನವೂ ಇಲ್ಲ. ನನ್ನ ಹಿಗ್ಗು ಕೇಳಬೇಡಿ. ದೇವರಿಗೆ ಒಂದು ತುಪ್ಪದ ದೀಪ ಹೆಚ್ಚಿಗೆ ಹಚ್ಚಿದೆ. ಯಜಮಾನರಿಗೆ ಅನ್ನ ನುಣ್ಣಗೆ ಕಿವುಚಿ ಮೊಸರು ಕಲಸಿ ಕೊಟ್ಟು, "ನಿಮ್ಮ ಮನಸ್ಸು ಇಷ್ಟು ಗಟ್ಟಿ ಅಂತ ಗೊತ್ತಿರಲಿಲ್ಲ" ಅಂತ ಹೊಗಳಿದೆ. ಅವರು ತಟ್ಟೆ ನೋಡುತ್ತಾ ಉಂಡರು. ಮೂರನೆಯ ದಿನ ಮಗಳು ಅಡುಗೆಮನೆಗೆ ಓಡಿಬಂದಳು. ಹನ್ನೆರಡು ವರ್ಷ, ಇಲ್ಲೇ ಹುಟ್ಟಿದವಳು. ಕನ್ನಡ ಕಿವಿಯಲ್ಲಿ ಹೋಗಿ ಬಾಯಲ್ಲಿ ಇಲ್ಲಿಯವರ 'ಲಾ' ಸೇರಿದ ಇಂಗ್ಲಿಷಾಗಿ ಬರುತ್ತದೆ. "ಅಮ್ಮಾ! ಬರ್ನಿಂಗ್ ಲಾ!" ಕುಕ್ಕರಿನಲ್ಲಿ ಬೇಳೆ ಇದ್ದಿಲಾಗಿತ್ತು. ನಾನು ಅದರ ಪಕ್ಕದಲ್ಲೇ ನಿಂತು ಕಾಯಿ ತುರಿಯುತ್ತಿದ್ದೆ. ಕರ್ಪೂರ ಮೂಸಿದೆ, ಏನೂ ಇಲ್ಲ. ಇಂಗಿನ ಡಬ್ಬಿಗೆ ಮೂಗು ಹಾಕಿದೆ, ಅದೂ ಇಲ್ಲ. ಇಂಗು ತಿಂದ ಮಂಗ ಅನ್ನುತ್ತಾರಲ್ಲ, ನಾನು ತಿನ್ನದೆಯೇ ಹಾಗಾದೆ. ಕೋವಿಡ್ ಟೆಸ್ಟ್ ಕಿಟ್ಟಿನಲ್ಲಿ ಎರಡು ಗೆರೆ ಮೂಡಿದವು. "ಹಾಗಾದರೆ ಮಾವಿನ ವಾಸನೆ?" ಅಂತ ಮಗಳನ್ನು ಕೇಳಿದೆ. "ಬಾತ್‌ರೂಮ್ ಫುಲ್ ಮ್ಯಾಂಗೋ, ಅಮ್ಮಾ. ಎವ್ರಿಡೇ. ಐ ಥಾಟ್ ಯು ಅಲೌಡ್!"

ಅವತ್ತೇ ಸಂಜೆ ಯಜಮಾನರ ದವಡೆ ನೋವು ಕಿವಿಗೆ ಏರಿತು. ಕ್ಲಿನಿಕ್ಕಿಗೆ ಫೋನ್ ಮಾಡಿದರೆ ನರ್ಸು, "ಮುಚ್ಚಳ ಹೋಗಿರಬೇಕು. ಆದ್ರೆ ಮನೇಲಿ ಕೋವಿಡ್ ಇದ್ರೆ ಹತ್ತು ದಿನ ಬರೋ ಹಾಗಿಲ್ಲ. ನೋವಿನ ಮಾತ್ರೆ, ಉಪ್ಪುನೀರು ಅಷ್ಟೇ. ಇನ್ನೊಂದು ಸಲ ಎಳೆದರೆ ನಾವು ಹೊಣೆಯಲ್ಲ" ಅಂದಳು. ನಾನು ಮಲಗುವ ಕೋಣೆಯಲ್ಲಿ ಬಂದಿ. ಜ್ವರ ಹಗುರಾಗಿತ್ತು, ಉಸಿರು ಸರಾಗವಾಗಿತ್ತು, ಕಿಟಕಿಯಲ್ಲಿ ಒಂದು ತುಂಡು ಆಕಾಶವಿತ್ತು. ಇಷ್ಟಕ್ಕೆ ಕೈಮುಗಿದು ಕೆಲಸಕ್ಕೆ ಇಳಿದೆ. "ಆ ವೇಪ್ ಈಗಲೇ ನನ್ನ ಕೈ ಸೇರಬೇಕು!" ಅಂತ ಬಾಗಿಲ ಹಿಂದಿನಿಂದ ಕೂಗಿದೆ. ಗಂಜಿ ತಟ್ಟೆಯಲ್ಲಿ, ಉಪ್ಪಿನಕಾಯಿ ಇರಬೇಕಾದ ಜಾಗದಲ್ಲಿ, ಅದು ಬಂತು. ಮೂಗು ಹೋದರೇನು, ಕಿವಿಯಿತ್ತಲ್ಲ! ಊಟವಾದಾಗಲೆಲ್ಲ ಅವರು ನನ್ನ ಬಾಗಿಲ ಹೊರಗೆ ನಿಂತು ಉಪ್ಪುನೀರು ಮುಕ್ಕಳಿಸಬೇಕು. "ಮೆಲ್ಲಗೆ ರೀ! ಹಾಂ, ಈಗ ಉಗೀರಿ." ಗುಳುಗುಳು ಸದ್ದು ಕೇಳಿದ ಮೇಲೆಯೇ ನಾನು ಜಪಕ್ಕೆ ಕೂರುತ್ತಿದ್ದೆ. "ಇವಳಿಗಿಂತ ನೋವೇ ವಾಸಿ" ಅಂತ ಗೊಣಗುವುದೂ ಕೇಳುತ್ತಿತ್ತು. ಗೊಣಗಲಿ. ಐದು ದಿನಕ್ಕೆ ನೋವು ಇಳಿಯಿತು.

ಬೆಳಿಗ್ಗೆ ಎದ್ದು ಮೂಗಿನ ಪರೀಕ್ಷೆ ಮಾಡುವುದು ನನ್ನ ನೇಮವಾಗಿತ್ತು. ಮೊದಲು ಕರ್ಪೂರ, ಆಮೇಲೆ ಇಂಗು. ಎಂಟನೆಯ ದಿನವೂ ಎರಡೂ ಸುಮ್ಮನಿದ್ದವು. ಕೋಣೆಯಲ್ಲಿ ವಾಸನೆಯ ವಸ್ತು ಅಂತ ಉಳಿದದ್ದು ದಿಂಬಿನ ಕೆಳಗಿನ ಆ ವೇಪ್ ಒಂದೇ. ಅದರ ಮೂತಿಯನ್ನು ಮೂಗಿನ ಬುಡಕ್ಕೆ ಹಿಡಿದು, ಕಣ್ಣು ಮುಚ್ಚಿ, ಆಳವಾಗಿ ಉಸಿರೆಳೆದೆ. ಬಂತು! ತೆಳ್ಳಗೆ, ದೂರದಿಂದ, ಮಾವಿನಹಣ್ಣು! ಯಾವ ವಾಸನೆಯನ್ನು ಅಷ್ಟು ಬೈದಿದ್ದೆನೋ ಅದನ್ನೇ ಮೂಸಿ "ಅಪ್ಪಾ ಭಗವಂತಾ" ಅಂತ ಕಣ್ಣೀರು ಹಾಕಿದೆ. ಅಷ್ಟರಲ್ಲಿ ತಿಂಡಿ ಇಡಲು ಮಗಳು ಬಾಗಿಲು ಸರಿಸಿದಳು.

"ಅಪ್ಪಾ! ಅಮ್ಮ ಈಸ್ ವೇಪಿಂಗ್!"

ಯಜಮಾನರು ಮಾಸ್ಕು ಏರಿಸಿಕೊಂಡು ಓಡಿಬಂದರು. ಐದು ದಿನ ಮುಕ್ಕಳಿಸಿದ ಉಪ್ಪುನೀರೆಲ್ಲ ಅವರ ಕಣ್ಣಲ್ಲಿ ಮಿನುಗುತ್ತಿತ್ತು. "ಏನೇ ಇದು?" ಅಂದರು. ಹೇಳಲು ನನ್ನ ಹತ್ತಿರ ಬೇಕಾದಷ್ಟು ಸತ್ಯವಿತ್ತು. ಬಾಯಿಗೆ ಬಂದದ್ದು ಮಾತ್ರ ಇಷ್ಟು:

"ಎಳೀಲಿಲ್ಲ ರೀ, ಸುಮ್ನೆ ಹಿಡ್ಕೊಂಡಿದ್ದೆ."