ಆತುರಪ್ಪನ ಹಸಿರು ಟಿಕ್ಕು

"ಸಹಿ ಇಲ್ಲದ ಕೋಡು ಇವತ್ತಿಂದ ಒಳಗೆ ಬಿಡಲ್ಲ!"

ಬೆಳಿಗ್ಗೆ ಬೆಳಿಗ್ಗೆಯೇ ಹೀಗೆ ಗುಡುಗಿ ಸಾಹೇಬರು ತಮ್ಮ ಗಾಜಿನ ಕೋಣೆ ಸೇರಿಕೊಂಡರು. ಹಿಂದಿನ ದಿನ ಗ್ರಾಹಕರ ವೆಬ್‌ಸೈಟು ಮಕಾಡೆ ಮಲಗಿತ್ತು. ಕೆಡಿಸಿದವರು ಯಾರೆಂದರೆ ಒಬ್ಬರೂ ತುಟಿ ಬಿಚ್ಚಿರಲಿಲ್ಲ. ಇನ್ನು ಮೇಲೆ ಯಾರೇ ಕಂಪ್ಯೂಟರ್ ಕೋಡು ಬರೆದು ಒಪ್ಪಿಸಿದರೂ ಅದರ ಮೇಲೆ ಅವರವರ ಡಿಜಿಟಲ್ ಸಹಿ ಬೀಳಬೇಕು, ಪಕ್ಕದಲ್ಲಿ ಹಸಿರು ಟಿಕ್ಕು ಕಾಣಬೇಕು.

ಆತುರಪ್ಪ ಗಡಿಯಾರ ನೋಡಿದ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಆಫೀಸು ಇಟ್ಟದ್ದು ಇದು. ಸಂಜೆಯೊಳಗೆ ಅವನ ಕೋಡು ಒಳಹೋದರೆ ಮಾತ್ರ ನಾಳೆ ರಜೆ. ರಜೆ ಸಿಕ್ಕರೆ ಹೆಂಡತಿಯ ಜೊತೆ ಸಮುದ್ರ ನೋಡಲು ಪ್ರಯಾಣ. ಮದುವೆಯಾದಾಗಿನಿಂದ ಅದು ಮುಂದೆ ಹೋಗುತ್ತಲೇ ಇತ್ತು. "ಈ ಸಲ ತಪ್ಪಿದ್ರೆ ನಾನು ತವರಿಗೆ ಹೋಗ್ತೀನಿ, ನೀವು ಆ ಕಂಪ್ಯೂಟರ್ ಜೊತೆಗೇ ಸಂಸಾರ ಮಾಡ್ಕೊಳ್ಳಿ" ಎಂದು ಆಕೆ ತೀರ್ಪು ಕೊಟ್ಟಾಗಿತ್ತು.

"ಅದೇನ್ ಮಹಾ! ನಾನಿಲ್ವಾ?" ಎನ್ನುತ್ತ ಪಕ್ಕದ ಮೇಜಿನ ಪಂಡಿತರು ಕುರ್ಚಿ ಉರುಳಿಸಿಕೊಂಡು ಬಂದರು. ಕರೆಯದೆ ಬರುವುದು, ಕೇಳದೆ ಹೇಳುವುದು ಅವರ ಹುಟ್ಟುಗುಣ. "ಮೊದ್ಲು ನಿಮ್ಮ ಹೆಸರು ಸರಿಯಾಗಿದ್ಯಾ ನೋಡ್ರಿ."

ನೋಡಿದರೆ, ಸೇರಿದಂದಿನಿಂದ ಆತುರಪ್ಪ ಮಾಡಿದ ಕೆಲಸವೆಲ್ಲ "ನಿಮ್ಮ ಹೆಸರು ಇಲ್ಲಿ ಬರೆಯಿರಿ" ಎಂಬ ಮಹಾಶಯರ ಹೆಸರಲ್ಲಿತ್ತು! ಸೂಚನೆಯ ಸಾಲನ್ನು ಪುಣ್ಯಾತ್ಮ ಹಾಗ್ಹಾಗೇ ಅಂಟಿಸಿದ್ದ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವುದು ಸುಮ್ಮನೆಯೇ?

ಎಲ್ಲರ ಕೋಡಿನಲ್ಲೂ ತಪ್ಪು ಹುಡುಕುವುದನ್ನೇ ಉದ್ಯೋಗ ಮಾಡಿಕೊಂಡಿದ್ದ ಟೆಸ್ಟಿಂಗ್ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ, ಅದು ನೀನೇನಾ? ಇಷ್ಟೆಲ್ಲ ಎಡವಟ್ಟು ಮಾಡಿ ಹೆಸರು ಮಾತ್ರ ಹೇಳದ ಜಾಣ ಯಾರಪ್ಪಾ ಅನ್ಕೊಂಡಿದ್ದೆ!"

ಹೆಸರು ಸರಿಯಾಯಿತು. ಇನ್ನು ಸಹಿಗೊಂದು ಗುಪ್ತ ಕೀಲಿ ಬೇಕು. ಅದು ತಯಾರಾಗುವವರೆಗೆ ಮೌಸ್ ಅಲ್ಲಾಡಿಸುತ್ತಿರಿ ಎಂದಿತು ಕಂಪ್ಯೂಟರು. ಆತುರಪ್ಪ ತಳ ಹಿಡಿದ ಪಾತ್ರೆ ತಿಕ್ಕುವವನಂತೆ ತಿಕ್ಕಿದ. ಮೊಣಕೈ ತಗುಲಿ ಪಂಡಿತರ ಚಹಾ ಪಂಡಿತರ ತೊಡೆಗೇ ಸುರಿಯಿತು.

"ಅಯ್ಯಯ್ಯಪ್ಪಾ, ಸುಟ್ಟೋಯ್ತು!" ಎಂದು ಅವರು ಕುಣಿದರು. ಕುಣಿದರೇ ಹೊರತು ಜಾಗ ಬಿಟ್ಟು ಕದಲಲಿಲ್ಲ.

ಕೀಲಿಗೊಂದು ಗುಟ್ಟಿನ ಮಾತು, ಅಂದರೆ ಪಾಸ್‌ವರ್ಡು, ಕೊಡಿ ಎಂದಿತು ಪರದೆ. "ಯಾರಿಗೂ ತೋರಿಸ್ಬೇಡ ಕಣೋ" ಎನ್ನುತ್ತ ಅಕ್ಕ ಅವನ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಅವಳಿಗೆ ಕಾಣದಂತೆ ಕಣ್ಣು ಮುಚ್ಚಿ ಹೊಡೆದ ಮಾತು ಅವನಿಗೂ ತಿಳಿಯಲಿಲ್ಲ. ಮತ್ತೊಂದು ಕೀಲಿ, ಮತ್ತೆ ತಿಕ್ಕಾಟ.

ಸಂಜೆಯಾಗುತ್ತ ಬಂತು. ಕೋಡು ಒಪ್ಪಿಸಿದರೆ, ಹಿಂದೆ ಒಪ್ಪಿಸಿದ ತುಣುಕುಗಳಿಗೆ ಸಹಿಯಿಲ್ಲ ಎಂದು ವಾಪಸ್ ಬಂತು.

"ಹಳೇದಕ್ಕೆಲ್ಲ ಒಂದೇ ಏಟಿಗೆ ಸಹಿ ಹಾಕ್ಬಹುದು" ಎಂದರು ಪಂಡಿತರು.

"ಎಲ್ಲಿಂದ ಹಾಕ್ಲಿ ಪಂಡಿತ್ರೇ?"

"ಮೊದಲಿಂದ ಹಾಕ್ರಿ, ಒಂದೂ ತಪ್ಪಬಾರ್ದು. ಒಳಗೆ ಹೋಗಲ್ಲ ಅಂತ ಹಟ ಮಾಡಿದ್ರೆ ಜೋರಾಗಿ ನೂಕ್ರಿ, ಅದಕ್ಕೂ ಕಮಾಂಡ್ ಇದೆ."

ಹಾಕಿದ, ನೂಕಿದ. ಪರದೆ ತುಂಬ ಹಸಿರೋ ಹಸಿರು! ಆತುರಪ್ಪ ಹೆಂಡತಿಗೆ ಫೋನ್ ಮಾಡಿ, "ಬಟ್ಟೆ ಜೋಡಿಸ್ಕೋ ಕಣೇ" ಎಂದುಬಿಟ್ಟ.

ಅಷ್ಟರಲ್ಲಿ ಸಾಹೇಬರು ಹೊರಗೆ ಬಂದರು. "ಆತುರಪ್ಪ, ನಿನ್ನೆ ಸೈಟು ಬೀಳಿಸಿದ ಕೋಡು ಸಿಕ್ತು. ಸಹಿ ನಿಮ್ದು."

"ಅಯ್ಯೋ, ಅದು ನಂದಲ್ಲ ಸಾರ್!"

"ಹೋದ ತಿಂಗಳು ಬೀಳಿಸಿದ್ದೂ ನಿಮ್ದೇ. ಅಷ್ಟೇ ಅಲ್ಲ, ನೀವು ಕೆಲಸಕ್ಕೆ ಸೇರೋ ಮುಂಚಿನ ತಪ್ಪುಗಳಿಗೂ ನಿಮ್ದೇ ಸಹಿ ಕಣ್ರೀ!"

ಪಂಡಿತರು ಹೇಳಿದ 'ಮೊದಲು' ಎಂದರೆ ಪ್ರಾಜೆಕ್ಟು ಹುಟ್ಟಿದ ದಿನ ಎಂಬುದು ಆತುರಪ್ಪನ ತಲೆಗೆ ಆಗ ಹೊಳೆಯಿತು. ಊರವರ ಪಾಪಕ್ಕೆಲ್ಲ ಅವನು ಒಂದೇ ಏಟಿಗೆ ಸಹಿ ಜಡಿದಿದ್ದ.

"ಬರೆದವರ ಹೆಸರು ಬೇರೆ ಇದೆ, ನೋಡಿ ಸಾರ್..."

"ಹೆಸರು ಯಾರು ಏನು ಬೇಕಾದ್ರೂ ಬರ್ಕೋಬಹುದು. ನಿಮ್ದೇ ನೋಡಿದ್ನಲ್ಲ! ಸಹಿ ಸುಳ್ಳಾಗಲ್ಲ. ನಾಳೆಯಿಂದ ಕೂತು ಎಲ್ಲಾನೂ ನೀವೇ ಸರಿಮಾಡಿ."

ಆತುರಪ್ಪ ಅಕ್ಕನತ್ತ ನೋಡಿದ. ಅಕ್ಕ ತನ್ನ ಉಗುರು ನೋಡುತ್ತಿದ್ದಳು. ಸಾಹೇಬರು ಪಂಡಿತರತ್ತ ತಿರುಗಿ ಇನ್ನೂ ಏನೋ ಹೇಳಿ ಒಳಗೆ ಹೋದರು. ಅವನ ಫೋನು ಬಡಿದುಕೊಂಡಿತು.

"ಏನ್ರೀ, ರಜೆ ಸಿಕ್ತಾ?"

"ಸಿಕ್ತು ಕಣೇ."

"ಅಬ್ಬಾ, ಬದುಕಿದೆ!"

"ಪಂಡಿತರಿಗೆ. ಅವರ ಸಹಿ ಇರೋ ತಪ್ಪು ಒಂದೂ ಇಲ್ವಂತೆ."